ಲೋಳೆಯ ಕೋಟೆ: ಸೂಕ್ಷ್ಮಾಣುಗಳ ಸಾಮೂಹಿಕ ಜೀವನದ ಚರಿತ್ರೆ

ಮಳೆಗಾಲದಲ್ಲಿ ಕೆರೆಯ ಮೆಟ್ಟಿಲಿಳಿಯುವ ಮಕ್ಕಳನ್ನು 'ಕಲ್ಲು ಜಾರುತ್ತದೆ, ಜೋಕೆ' ಎಂದು ಎಚ್ಚರಿಸದ ಹಿರಿಯರು ನಮ್ಮ ಕಾಸರಗೋಡಿನ ಸೀಮೆಯಲ್ಲಿ ಇರಲಾರರು. ವಾಸ್ತವವಾಗಿ ಜಾರುವುದು ಕಲ್ಲಲ್ಲ, ಕಲ್ಲಿನ ಮೇಲೆ ಕಟ್ಟಿದ ಲೋಳೆ. ನೀರು ತುಂಬಿಟ್ಟ ಕೊಡವನ್ನು ನಾಲ್ಕು ದಿನ ಉಜ್ಜದೆ ಬಿಟ್ಟರೆ ಅದರ ಒಳಮೈ ಬೆರಳಿಗೆ ನುಣುಪಾಗಿ ತಾಗುವುದು. ಬೆಳಿಗ್ಗೆ ಎದ್ದೊಡನೆ ಹಲ್ಲಿನ ಮೇಲೆ ನಾಲಗೆಯಾಡಿಸಿದರೆ ಅಲ್ಲಿಯೂ ಅದೇ ನುಣುಪು. ನಮ್ಮ ಜನ ಕೆರೆಯ ಕಲ್ಲಿಗೂ ಬಚ್ಚಲಿನ ಚಪ್ಪಡಿಗೂ ಉಜ್ಜದ ಹಲ್ಲಿಗೂ 'ಪಾಚಿ ಕಟ್ಟಿದೆ' ಎಂಬ ಒಂದೇ ಮಾತನ್ನು ಬಳಸುತ್ತ ಬಂದಿರುವರು. ಕೆರೆಯ ಕಲ್ಲಿನ ಹಸಿರು ಬೇರೆ, ಹಲ್ಲಿನ ಬಿಳುಪು ಬೇರೆ ಎಂದು ಪಂಡಿತರು ಆಕ್ಷೇಪಿಸಬಹುದು. ಆದರೂ ಎರಡು ಕಡೆಯಲ್ಲಿಯೂ ಅಂಟಿಕೊಂಡಿರುವ ಲೋಳೆ ಒಂದೇ ಬಗೆಯ ಜೀವನಕ್ರಮದ ಫಲವೆಂಬುದನ್ನು ವಿಜ್ಞಾನವು ಒಪ್ಪಿಕೊಂಡುದು 1970ರ ದಶಕದಿಂದೀಚೆಗೆ ಮಾತ್ರ. ನಾವು ಭಾಷೆಯನ್ನು ಕಲಿಸುವವರೇ ಹೊರತು ವೈದ್ಯರಲ್ಲ. ಆದರೆ ಆಡುಮಾತು ಒಂದೇ ಹೆಸರಿನಿಂದ ಕರೆದುದನ್ನು ಶಾಸ್ತ್ರವು ಒಂದೆಂದು ಕಾಣಲು ಮುನ್ನೂರು ವರ್ಷ ಏಕೆ ಬೇಕಾಯಿತು ಎಂಬ ಪ್ರಶ್ನೆ ನಮ್ಮನ್ನು ಬಹುಕಾಲ ಕಾಡಿದುದರಿಂದ ಆ ಚರಿತ್ರೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಹೆಸರಿನ ಮಾತು. ಇಂಗ್ಲಿಷಿನಲ್ಲಿ ಬಯೋಫಿಲ್ಮ್ ಎಂದು ಕರೆಯುವ ಈ ವಸ್ತುವನ್ನು ನಾವು ಇಲ್ಲಿ 'ಜೈವಿಕ ಪೊರೆ' ಎಂದು ಕರೆಯುವೆವು. ಬ್ಯಾಕ್ಟೀರಿಯಗಳೆಂಬ ಸೂಕ್ಷ್ಮಾಣುಗಳು, ಮಿಲಿಮೀಟರಿನ ಸಾವಿರದ ಒಂದೆರಡು ಪಾಲಿನಷ್ಟೇ ಉದ್ದವಾದವು, ತೇವವಿರುವ ಯಾವುದಾದರೊಂದು ಮೈಗೆ ಅಂಟಿಕೊಳ್ಳುವುವು. ಅಂಟಿದ ಮೇಲೆ ತಮ್ಮ ದೇಹದಿಂದಲೇ ಅಂಟು ಪದಾರ್ಥವನ್ನು ಸ್ರವಿಸಿ, ಅದರೊಳಗೆ ಹುದುಗಿಕೊಂಡು, ಪೀಳಿಗೆಯ ಮೇಲೆ ಪೀಳಿಗೆಯಾಗಿ ಒಂದೇ ಕಡೆ ನೆಲಸುವುವು. ಸಕ್ಕರೆಯ ಜಾತಿಯ ಉದ್ದನೆಯ ಸರಪಳಿಗಳು, ಪ್ರೋಟೀನು, ಸತ್ತ ನೆರೆಯವುಗಳಿಂದ ಸುರಿದ ಡಿಎನ್‌ಎ, ಇವು ಆ ಅಂಟಿನ ಮುಖ್ಯ ಸಾಮಗ್ರಿಗಳು. ಇಂಥ ವಸತಿಯೇ ಜೈವಿಕ ಪೊರೆ.

ಇದನ್ನು ಮೊತ್ತಮೊದಲು ಕಂಡವನು ವಿದ್ವಾಂಸನಲ್ಲ, ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆಯ ವ್ಯಾಪಾರಿ. ಆಂಟನಿ ವಾನ್ ಲೀವೆನ್‌ಹುಕ್ (1632–1723) ಎಂಬ ಆತನು ಪುಟ್ಟ ಗಾಜಿನ ಮಸೂರಗಳನ್ನು ತಾನೇ ಉಜ್ಜಿ ಸಿದ್ಧಪಡಿಸಿಕೊಂಡು, ಆ ಕಾಲದಲ್ಲಿ ಇನ್ನಾರಿಗೂ ಕಾಣದಿದ್ದ ಸೂಕ್ಷ್ಮ ಲೋಕವನ್ನು ನೋಡಿದನು. ಆತನಿಗೆ ಲ್ಯಾಟಿನ್ ಬಾರದು, ಇಂಗ್ಲಿಷೂ ಬಾರದು. ಬಲ್ಲುದು ತನ್ನ ತಾಯ್ನುಡಿಯಾದ ಡಚ್ಚೊಂದೇ. ಆ ನುಡಿಯಲ್ಲಿಯೇ ಆತನು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರಗಳನ್ನು ಬರೆದನು. ಅವರು ಅವನ್ನು ಭಾಷಾಂತರಿಸಿಕೊಂಡು ಪ್ರಕಟಿಸಿದರು. ಗಡಿನಾಡಿನಲ್ಲಿ ತಾಯ್ನುಡಿಯ ಶಾಲೆಗೆ ಮಕ್ಕಳನ್ನು ಕಳುಹಿಸುತ್ತಿರುವ ನಮ್ಮ ಕುಟುಂಬಗಳು ನೆನಪಿನಲ್ಲಿಡತಕ್ಕ ಸಂಗತಿಯಿದು.

1683ನೆಯ ಸೆಪ್ಟೆಂಬರ್ 17ರ ಪತ್ರದಲ್ಲಿ ಆತನು ತನ್ನ ಹಲ್ಲುಗಳ ವಿಷಯವನ್ನು ಬರೆದನು. ದಿನವೂ ಉಪ್ಪಿನಿಂದ ಹಲ್ಲುಜ್ಜುವ ಪದ್ಧತಿ ಆತನದು. ಹಾಗಿದ್ದರೂ ಹಲ್ಲಿನ ಸಂದುಗಳಲ್ಲಿ ಹಿಟ್ಟಿನಂಥ ಬಿಳಿಯ ವಸ್ತು ಉಳಿಯುತ್ತಿತ್ತು. ಅದನ್ನು ಮಳೆನೀರಿನಲ್ಲಿ ಕದಡಿ ಮಸೂರದ ಹಿಂದೆ ಹಿಡಿದಾಗ ಅದರಲ್ಲಿ ಜೀವಿಗಳು ಚಲಿಸುತ್ತಿದ್ದುವು! ಇಡೀ ದೇಶದ ಜನಸಂಖ್ಯೆಗಿಂತಲೂ ತನ್ನ ಬಾಯಿಯಲ್ಲಿರುವ ಜೀವಿಗಳೇ ಹೆಚ್ಚೆಂದು ಆತನು ಅಚ್ಚರಿಪಟ್ಟನು. ಆಮೇಲೆ ಆತನು ಮಾಡಿದ ಪ್ರಯೋಗವೇ ನಮ್ಮ ಕಥೆಗೆ ಮುಖ್ಯವಾದುದು. ವಿನಿಗರ್ ಎಂಬ ಹುಳಿರಸದಿಂದ ಬಾಯನ್ನು ಮುಕ್ಕಳಿಸಿ ಹಲ್ಲಿನ ಕೊಳೆಯನ್ನು ತೆಗೆದು ನೋಡಿದನು. ಒಳಗಿನ ಜೀವಿಗಳು ಬದುಕಿಯೇ ಇದ್ದುವು. ಕೊಳೆಯನ್ನು ಹೊರತೆಗೆದು ಕದಡಿ ವಿನಿಗರನ್ನು ಬೆರಸಿದಾಗಲಾದರೋ ಅವು ಕೂಡಲೆ ಸತ್ತುವು. ಹುಳಿರಸವು ಹೊರಪದರದಲ್ಲಿದ್ದವನ್ನಷ್ಟೇ ಕೊಂದಿತು, ಒಳಕ್ಕೆ ಇಳಿಯಲಿಲ್ಲ ಎಂದು ಆತನು ತೀರ್ಮಾನಿಸಿದನು. ಜೈವಿಕ ಪೊರೆಯನ್ನು ಕಂಡವರಲ್ಲಿ ಮೊದಲಿಗನೇ ಅದರ ರಕ್ಷಣಾಶಕ್ತಿಯನ್ನೂ ಕಂಡಿದ್ದನು. ಲೋಕ ಮಾತ್ರ ಆ ಮಾತನ್ನು ಮರೆಯಿತು.

ಮರೆವಿಗೆ ಕಾರಣ ಅಜ್ಞಾನವಲ್ಲ. ಒಂದು ದೊಡ್ಡ ಜಯವೇ ಅದಕ್ಕೆ ಕಾರಣವಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ರಾಬರ್ಟ್ ಕಾಖ್ (1843–1910) ಒಂದೊಂದು ರೋಗಕ್ಕೂ ಒಂದೊಂದು ಸೂಕ್ಷ್ಮಾಣುವೇ ಕಾರಣವೆಂದು ತೋರಿಸಲು ಹೊರಟರು. ಅದಕ್ಕೆ ನೂರಾರು ಜಾತಿಗಳ ಗುಂಪಿನಿಂದ ಒಂದೇ ಜಾತಿಯನ್ನು ಬೇರ್ಪಡಿಸಿ ಬೆಳೆಸುವ ಉಪಾಯ ಬೇಕಾಗಿತ್ತು. ಬೇಯಿಸಿದ ಆಲೂಗಡ್ಡೆಯ ಹೋಳು, ಜೆಲಟಿನ್, ಕೊನೆಗೆ ಫ್ಯಾನಿ ಹೆಸ್ಸೆ ಎಂಬ ಗೃಹಿಣಿ ತನ್ನ ಅಡಿಗೆಮನೆಯ ಅನುಭವದಿಂದ ಸೂಚಿಸಿದ ಅಗರ್ ಎಂಬ ಕಡಲಪಾಚಿಯ ಅಂಟು, ಹೀಗೆ ಆ ಉಪಾಯ ಕೈಗೂಡಿತು. 1882ರಲ್ಲಿ ಕಾಖರು ಕ್ಷಯರೋಗದ ಸೂಕ್ಷ್ಮಾಣುವನ್ನು ಪ್ರಕಟಪಡಿಸಿದರು. 1884ರಲ್ಲಿ ಕಲ್ಕತ್ತೆಗೆ ಬಂದು ಅಲ್ಲಿಯ ಕೆರೆಯೊಂದರ ನೀರಿನಲ್ಲಿ ಕಾಲರಾದ ಸೂಕ್ಷ್ಮಾಣುವನ್ನು ಗುರುತಿಸಿದರು. ಈ ವಿಧಾನದಿಂದ ಮಾನವಕುಲಕ್ಕಾದ ಉಪಕಾರ ಅಳತೆಗೆ ಮೀರಿದುದು. ಆದರೆ ಅಂದಿನಿಂದ ಪ್ರಯೋಗಶಾಲೆಗಳಲ್ಲಿ ಒಂದು ಅಭ್ಯಾಸ ಬೇರೂರಿತು. ಪುಷ್ಟಿಕರವಾದ ಸಾರಿನಲ್ಲಿ ಒಂದೇ ಜಾತಿಯನ್ನು ತೇಲಿಬಿಟ್ಟು, ಅಲುಗಾಡಿಸುತ್ತ ಬೆಳೆಸಿ, ಅದನ್ನೇ ಸೂಕ್ಷ್ಮಾಣುವಿನ ಸಹಜ ಸ್ಥಿತಿಯೆಂದು ಭಾವಿಸುವುದು ರೂಢಿಯಾಯಿತು. ಕಾಡಾನೆಯ ಸ್ವಭಾವವನ್ನು ಸರ್ಕಸ್ಸಿನ ಡೇರೆಯಲ್ಲಿ ಕಲಿತಂತಾಯಿತು.

ಇಲ್ಲಿ ಒಂದು ವಿನೋದವನ್ನು ಹೇಳದೆ ಮುಂದೆ ಹೋಗಲಾಗದು. 1892ರಲ್ಲಿ ಹ್ಯಾಂಬರ್ಗ್ ನಗರಕ್ಕೆ ಕಾಲರಾ ಬಡಿದು ಎಂಟು ಸಾವಿರಕ್ಕೂ ಹೆಚ್ಚು ಜನ ಮಡಿದರು. ಅದಕ್ಕೆ ಅಂಟಿಕೊಂಡೇ ಇದ್ದ, ಅದೇ ಎಲ್ಬೆ ನದಿಯ ಕೆಳಗಣ ಮಲಿನ ನೀರನ್ನೇ ಬಳಸುತ್ತಿದ್ದ ಆಲ್ಟೋನ ಪಟ್ಟಣವು ಬಹುಮಟ್ಟಿಗೆ ಪಾರಾಯಿತು. ಭೇದವಿದ್ದುದು ಒಂದೇ: ಆಲ್ಟೋನದವರು ನೀರನ್ನು ಮರಳಿನ ಹಾಸಿನ ಮೂಲಕ ನಿಧಾನವಾಗಿ ಇಳಿಸಿ ಸೋಸುತ್ತಿದ್ದರು. ಇದನ್ನು ಪರಿಶೀಲಿಸಿದವರು ಕಾಖರೇ. ಸೋಸುವ ಕಾರ್ಯದಲ್ಲಿ ಬರಿಯ ಮರಳಿಗಿಂತ ಅದರ ಮೇಲೆ ಕಟ್ಟುವ ಲೋಳೆಯ ಪದರವೇ ಮುಖ್ಯವೆಂಬುದು ಅವರಿಗೆ ಮನದಟ್ಟಾಗಿತ್ತು. ಆ ಪದರ ಜೈವಿಕ ಪೊರೆಯೇ. ಎಂದರೆ ಸೂಕ್ಷ್ಮಾಣುಗಳ ಒಂದು ವಸತಿ ಇನ್ನೊಂದು ಸೂಕ್ಷ್ಮಾಣುವಿನಿಂದ ಊರನ್ನು ಕಾಪಾಡಿತು. ಲೋಳೆಯೆಲ್ಲವೂ ಶತ್ರುವಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಮುಂದೆ ಈ ವಿಷಯವನ್ನು ಮತ್ತೆ ಎತ್ತಿಕೊಂಡವರು ವೈದ್ಯರಲ್ಲ, ಕೆರೆ ಕಡಲುಗಳನ್ನು ಅಭ್ಯಸಿಸುತ್ತಿದ್ದವರು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಆರ್ಥರ್ ಹೆನ್ರಿಸಿ ಗಾಜಿನ ಪಟ್ಟಿಗಳನ್ನು ನೀರಿನಲ್ಲಿ ಮುಳುಗಿಸಿಟ್ಟು, ಕೆಲವು ದಿನಗಳ ಮೇಲೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನೀರಿನ ಸೂಕ್ಷ್ಮಾಣುಗಳಲ್ಲಿ ಹೆಚ್ಚಿನವು ತೇಲುವುವಲ್ಲ, ಮುಳುಗಿದ ವಸ್ತುಗಳ ಮೇಲೆ ಅಂಟಿ ಬೆಳೆಯತಕ್ಕವು ಎಂದು 1933ರಲ್ಲಿ ಪ್ರಕಟಿಸಿದರು. ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಕ್ಲಾಡ್ ಜೋಬೆಲ್ 1943ರಲ್ಲಿ ಕಡಲನೀರನ್ನು ಸೀಸೆಗಳಲ್ಲಿಟ್ಟು ಪರೀಕ್ಷಿಸಿ, ಸೀಸೆಯ ಒಳಮೈಗೆ ಅಂಟಿದ ಸೂಕ್ಷ್ಮಾಣುಗಳು ಹೇಗೆ ಹುಲುಸಾಗಿ ಬೆಳೆಯುವುವೆಂಬುದನ್ನು ತೋರಿಸಿದರು. ಈ ಮಾತುಗಳು ಆಸ್ಪತ್ರೆಯ ಬಾಗಿಲನ್ನು ಮುಟ್ಟಲಿಲ್ಲ. ಏಕೆಂದರೆ ಅಷ್ಟರಲ್ಲಿ ಆಸ್ಪತ್ರೆಗಳಲ್ಲಿ ಪೆನಿಸಿಲಿನ್ನಿನ ಯುಗ ಆರಂಭವಾಗಿತ್ತು.

1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟಿನಿಂದ ಪೆನಿಸಿಲಿನ್ನನ್ನು ಗುರುತಿಸಿದುದೂ, ಆಕ್ಸ್‌ಫರ್ಡಿನ ಫ್ಲೋರಿ ಮತ್ತು ಚೇನ್ ಅದನ್ನು 1940ರ ಸುಮಾರಿಗೆ ಔಷಧವನ್ನಾಗಿ ರೂಪಿಸಿದುದೂ ಎಲ್ಲರೂ ಬಲ್ಲ ಸಂಗತಿ. ಸಾಯುತ್ತಿದ್ದವರು ಎದ್ದು ಕುಳಿತರು. ಈ ಸಂಭ್ರಮದ ನಡುವೆಯೇ ಎರಡು ಎಚ್ಚರಿಕೆಗಳು ಕೇಳಿಬಂದುವು. ಮೊದಲನೆಯದು ಡಬ್ಲಿನ್ನಿನ ಜೋಸೆಫ್ ಬಿಗ್ಗರ್ ಎಂಬವರದು. ಪೆನಿಸಿಲಿನ್ ಎಷ್ಟು ಹಾಕಿದರೂ ಕೆಲವೇ ಸೂಕ್ಷ್ಮಾಣುಗಳು ಉಳಿದುಕೊಳ್ಳುತ್ತಿದ್ದುವು. ಹಾಗೆ ಉಳಿದವನ್ನು ಬೆಳೆಸಿದರೆ ಅವುಗಳ ಸಂತತಿ ಎಂದಿನಂತೆ ಔಷಧಕ್ಕೆ ಬಲಿಯಾಗುತ್ತಿತ್ತು. ಎಂದರೆ ಅವು ಔಷಧವನ್ನು ಗೆದ್ದವಲ್ಲ, ನಿದ್ರಿಸುವಂತೆ ಸುಮ್ಮನಿದ್ದು ಅಪಾಯವನ್ನು ಕಳೆದವು. ಬಿಗ್ಗರ್ 1944ರಲ್ಲಿ ಇವನ್ನು 'ಪರ್ಸಿಸ್ಟರ್', ಎಂದರೆ ಪಟ್ಟುಹಿಡಿದು ಉಳಿದವು, ಎಂದು ಕರೆದರು. ಎರಡನೆಯ ಎಚ್ಚರಿಕೆ ಸ್ವತಃ ಫ್ಲೆಮಿಂಗರದು. 1945ರ ನೊಬೆಲ್ ಉಪನ್ಯಾಸದಲ್ಲಿ ಅವರು, ಸಾಲದಷ್ಟು ಪೆನಿಸಿಲಿನ್ ಸೇವಿಸಿದರೆ ಸೂಕ್ಷ್ಮಾಣುಗಳಿಗೆ ಅದನ್ನು ಎದುರಿಸುವ ವಿದ್ಯೆಯನ್ನು ನಾವೇ ಕಲಿಸಿದಂತಾಗುವುದೆಂದು ಎಚ್ಚರಿಸಿದರು. ಒಂದು ಎಚ್ಚರಿಕೆ ತಾತ್ಕಾಲಿಕವಾದ ತಾಳಿಕೆಯ ವಿಷಯ, ಇನ್ನೊಂದು ವಂಶಪಾರಂಪರ್ಯವಾಗಿ ಬರುವ ನಿರೋಧಶಕ್ತಿಯ ವಿಷಯ. ಈ ಎರಡರ ಭೇದವನ್ನು ವಾಚಕರು ಗಮನದಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ, ಏಕೆಂದರೆ ಜೈವಿಕ ಪೊರೆಯಲ್ಲಿ ಎರಡೂ ಒಂದೇ ಮನೆಯಲ್ಲಿ ವಾಸಿಸುವುವು.

ಬಿಡಿಬಿಡಿಯಾಗಿದ್ದ ಈ ಎಳೆಗಳನ್ನು ಒಂದು ಹಗ್ಗವಾಗಿ ಹೊಸೆದವರಲ್ಲಿ ಕೆನಡದ ವಿಲಿಯಂ ಕಾಸ್ಟರ್ಟನ್ (1934–2012) ಪ್ರಮುಖರು. 1960ರ ದಶಕದ ಮೊದಲ ವರ್ಷಗಳಲ್ಲಿ ಪಂಜಾಬಿನ ಬಟಾಲದಲ್ಲಿ ಕಾಲೇಜು ಅಧ್ಯಾಪಕರಾಗಿದ್ದ ಇವರು ಮುಂದೆ ಕೆನಡದ ಕ್ಯಾಲ್ಗರಿಯಲ್ಲಿ ಸಂಶೋಧನೆ ನಡೆಸಿದರು. ಬೆಟ್ಟದ ತೊರೆಗಳ ತಿಳಿನೀರನ್ನು ಇವರೂ ಸಂಗಡಿಗರೂ ಪರೀಕ್ಷಿಸಿದಾಗ ಹರಿಯುವ ನೀರಿನಲ್ಲಿ ಸೂಕ್ಷ್ಮಾಣುಗಳು ವಿರಳವಾಗಿದ್ದುವು. ಅದೇ ತೊರೆಯ ಕಲ್ಲುಗಳ ಮೇಲಣ ಲೋಳೆಯಲ್ಲಿ ಅವು ಕಿಕ್ಕಿರಿದಿದ್ದುವು. ಹಸುವಿನ ಹೊಟ್ಟೆಯಲ್ಲಿಯೂ ಇದೇ ಪರಿ ಕಂಡಿತು. ಅಂಟಿಕೊಂಡು ಬಾಳುವುದೇ ಸೂಕ್ಷ್ಮಾಣುಗಳ ಸಹಜಧರ್ಮವೆಂದು 1978ರಲ್ಲಿ ಇವರು ಸಾಮಾನ್ಯ ಓದುಗರಿಗೂ ತಿಳಿಯುವಂತೆ ಲೇಖನವೊಂದನ್ನು ಪ್ರಕಟಿಸಿದರು. ಅದೇ ದಶಕದಲ್ಲಿ ಡೆನ್ಮಾರ್ಕಿನ ನೀಲ್ಸ್ ಹೊಯ್ಬಿ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುರೋಗದಿಂದ ನರಳುವ ಮಕ್ಕಳ ಕಫದಲ್ಲಿ ಸ್ಯೂಡೊಮೊನಾಸ್ ಎಂಬ ಸೂಕ್ಷ್ಮಾಣುಗಳು ಲೋಳೆಯಲ್ಲಿ ಹುದುಗಿ ಮುದ್ದೆಮುದ್ದೆಯಾಗಿರುವುದನ್ನು ಕಂಡರು. ಎಷ್ಟು ಔಷಧ ಕೊಟ್ಟರೂ ಆ ಮಕ್ಕಳ ಶ್ವಾಸಕೋಶದಿಂದ ಅವು ತೊಲಗುತ್ತಿರಲಿಲ್ಲ.

ಕೊನೆಗೆ 1982ರಲ್ಲಿ ಕಾಸ್ಟರ್ಟನ್ನರೂ ಕೆನಡದ ವೈದ್ಯರೂ ಕೂಡಿ ಪ್ರಕಟಿಸಿದ ಒಂದು ವರದಿ ಸಂದೇಹವನ್ನು ನೀಗಿಸಿತು. ಹೃದಯದ ಬಡಿತವನ್ನು ಕ್ರಮಪಡಿಸಲು ಒಳಗಿಟ್ಟ ಯಂತ್ರದ ತಂತಿಯಿಂದ ರೋಗಿಯೊಬ್ಬರಿಗೆ ರಕ್ತದ ಸೋಂಕು ತಗಲಿತ್ತು. ಚಿಕಿತ್ಸೆ ನಡೆದರೂ ಸೋಂಕು ಪೂರ್ತಿಯಾಗಿ ಹೋಗಲಿಲ್ಲ. ತಂತಿಯನ್ನು ಹೊರತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದರ ಮೇಲೆ ಸ್ಟ್ಯಾಫಿಲೊಕಾಕಸ್ ಸೂಕ್ಷ್ಮಾಣುಗಳು ದಟ್ಟವಾದ ಲೋಳೆಯಲ್ಲಿ ಹೂತುಕೊಂಡು ವಸತಿ ಮಾಡಿದ್ದುವು. ಲೀವೆನ್‌ಹುಕ್ ತನ್ನ ಹಲ್ಲಿನಲ್ಲಿ ಕಂಡುದನ್ನು, ಮೂರು ಶತಮಾನಗಳ ಮೇಲೆ, ವೈದ್ಯರು ಹೃದಯದ ಒಳಗಿಂದ ತೆಗೆದ ತಂತಿಯ ಮೇಲೆ ಕಂಡರು.

ಅಂದಿನಿಂದ ಸಂಶೋಧನೆ ವೇಗವಾಗಿ ಬೆಳೆಯಿತು. 1990ರ ದಶಕದ ಆರಂಭದಲ್ಲಿ ಪೊರೆಯನ್ನು ಕೊಲ್ಲದೆ, ಕೊಯ್ಯದೆ, ಪದರಪದರವಾಗಿ ನೋಡಬಲ್ಲ ಲೇಸರ್ ಸೂಕ್ಷ್ಮದರ್ಶಕ ಬಳಕೆಗೆ ಬಂದಾಗ ಇನ್ನೊಂದು ಬೆರಗು ಕಾದಿತ್ತು. ಪೊರೆ ಬರಿಯ ಮುದ್ದೆಯಲ್ಲ. ಅದರಲ್ಲಿ ಗೋಪುರಗಳಂಥ ಗುಂಪುಗಳೂ, ನಡುನಡುವೆ ನೀರು ಹರಿಯುವ ಕಾಲುವೆಗಳೂ ಇದ್ದುವು. ಆಹಾರ ಒಳಗೆ ಬರುವುದೂ ಕಸ ಹೊರಗೆ ಹೋಗುವುದೂ ಆ ಕಾಲುವೆಗಳಿಂದಲೇ. ಕೂಡಿ ಬಾಳುವವರಿಗೆ ಪರಸ್ಪರ ಸಂಜ್ಞೆ ಬೇಡವೆ? ಅದೂ ಇದೆ. ಕಡಲಿನಲ್ಲಿ ಬೆಳಕು ಬೀರುವ ಒಂದು ಸೂಕ್ಷ್ಮಾಣು ತಾನು ಒಂಟಿಯಾಗಿರುವಾಗ ಬೆಳಗದೆ, ಸಂಖ್ಯೆ ಸಾಕಷ್ಟು ಕೂಡಿದ ಮೇಲೆಯೇ ಬೆಳಗುವುದೆಂದು 1970ರಲ್ಲಿ ತಿಳಿದಿತ್ತು. ಒಂದೊಂದೂ ಹೊರಬಿಡುವ ರಾಸಾಯನಿಕ ಸಂಜ್ಞೆ ಒಂದು ಮಟ್ಟವನ್ನು ಮುಟ್ಟಿದಾಗ ಎಲ್ಲವೂ ಏಕಕಾಲದಲ್ಲಿ ಕಾರ್ಯಕ್ಕೆ ತೊಡಗುವುವು. 1994ರಲ್ಲಿ ವಿಜ್ಞಾನಿಗಳು ಈ ವ್ಯವಸ್ಥೆಗೆ ಸಭೆಯ 'ಕೋರಂ' ಎಂಬ ಪದದಿಂದಲೇ ಹೆಸರನ್ನು ರಚಿಸಿದರು. ವಾರ್ಷಿಕ ಮಹಾಸಭೆಯಲ್ಲಿ ಕೋರಂಗಾಗಿ ಕಾದು ಕುಳಿತ ಅನುಭವವುಳ್ಳ ನಮ್ಮ ಸಂಘದ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ! ಸ್ಯೂಡೊಮೊನಾಸ್ ತನ್ನ ಪೊರೆಯನ್ನು ಸರಿಯಾಗಿ ಕಟ್ಟಿಕೊಳ್ಳಲು ಇಂಥ ಸಂಜ್ಞೆ ಬೇಕೆಂದು 1998ರಲ್ಲಿ ತೋರಿಸಲಾಯಿತು.

ಇನ್ನು ಔಷಧವು ಇಲ್ಲಿ ಸೋಲುವುದೇಕೆ ಎಂಬುದನ್ನು ನೋಡೋಣ. ಮದ್ದಿನ ಪ್ರಮಾಣವನ್ನು ಲೆಕ್ಕ ಹಾಕಿದುದು ಸಾರಿನಲ್ಲಿ ತೇಲುವ ಸೂಕ್ಷ್ಮಾಣುಗಳ ಮೇಲೆ. ಅದೇ ಸೂಕ್ಷ್ಮಾಣು ಪೊರೆಯಲ್ಲಿ ನೆಲಸಿದಾಗ ಅದನ್ನು ಕೊಲ್ಲಲು ನೂರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಮದ್ದು ಬೇಕಾಗಬಹುದು. ಅಷ್ಟನ್ನು ಕೊಟ್ಟರೆ ರೋಗಿಯೇ ಉಳಿಯಲಾರನು. ಕಾರಣಗಳು ನಾಲ್ಕು. ಮೊದಲನೆಯದಾಗಿ, ಲೋಳೆಯು ಕೋಟೆಯ ಗೋಡೆಯಂತೆ ಕೆಲವು ಔಷಧಗಳನ್ನು ತಡೆಯುವುದು, ಇಲ್ಲವೆ ಒಳನುಗ್ಗುವ ಮುನ್ನವೇ ಹೀರಿ ನಿಷ್ಫಲಗೊಳಿಸುವುದು. ಎರಡನೆಯದಾಗಿ, ಕೋಟೆಯ ಒಳಭಾಗದಲ್ಲಿ ಆಮ್ಲಜನಕವೂ ಆಹಾರವೂ ಕಡಮೆಯಾದುದರಿಂದ ಅಲ್ಲಿಯವು ಮೆಲ್ಲನೆ ಬೆಳೆಯುವುವು. ಪೆನಿಸಿಲಿನ್ನಿನಂಥ ಮದ್ದಾದರೋ ಬೆಳೆಯುತ್ತಿರುವ ಜೀವಿಯ ಗೋಡೆ ಕಟ್ಟುವ ಕೆಲಸವನ್ನು ಕೆಡಿಸುವಂಥದು. ಕೆಲಸವೇ ನಡೆಯದಲ್ಲಿ ಕೆಡಿಸುವುದೇನನ್ನು? ಮೂರನೆಯದಾಗಿ, ಬಿಗ್ಗರ್ ಕಂಡ ನಿದ್ರಾಳುಗಳು ಇಲ್ಲಿ ಅಡಗಿದ್ದು, ಮದ್ದು ನಿಂತೊಡನೆ ಎದ್ದು ವಂಶವನ್ನು ಬೆಳೆಸುವುವು. ನಾಲ್ಕನೆಯದು ಎಲ್ಲಕ್ಕಿಂತ ಭಯಂಕರ: ಒತ್ತೊತ್ತಾಗಿ ವಾಸಿಸುವ ಈ ನೆರೆಹೊರೆಯಲ್ಲಿ ಔಷಧವನ್ನು ಗೆಲ್ಲುವ ಗುಣವುಳ್ಳ ಡಿಎನ್‌ಎಯ ತುಣುಕುಗಳು ಒಂದರಿಂದ ಇನ್ನೊಂದಕ್ಕೆ, ಜಾತಿ ಬೇರೆಯಾದರೂ, ಸುಲಭವಾಗಿ ದಾಟಿಹೋಗುವುವು. ತಾಳಿಕೆಯಿಂದ ಉಳಿದವು ನಿರೋಧಶಕ್ತಿಯನ್ನು ಗಳಿಸಲು ಹೀಗೆ ಕಾಲಾವಕಾಶವೂ ದೊರೆಯುವುದು.

ಈ ಕೋಟೆಗಳು ದೇಹದಲ್ಲಿ ಎಲ್ಲೆಲ್ಲಿ ಏಳುವುವೆಂಬುದನ್ನು ತಿಳಿದರೆ ನಮ್ಮ ಮನೆಗಳ ಅನೇಕ ಕಷ್ಟಗಳ ಮೂಲ ಹೊಳೆಯುವುದು. ಹಲ್ಲಿನ ಹುಳುಕು ಮತ್ತು ವಸಡಿನ ರೋಗ, ಮೂತ್ರ ಹೋಗಲೆಂದು ಇಟ್ಟ ಕೊಳವೆಯಿಂದ ಬರುವ ಸೋಂಕು, ಸಕ್ಕರೆ ಕಾಯಿಲೆಯವರ ಕಾಲಿನ ವಾಸಿಯಾಗದ ಹುಣ್ಣು, ಬದಲಾಯಿಸಿದ ಮಂಡಿಯ ಕೀಲು ಮತ್ತು ಹೃದಯದ ಕವಾಟಗಳ ಸೋಂಕು, ಇವುಗಳ ಹಿಂದೆ ಬಹಳ ಸಲ ಇರುವುದು ಜೈವಿಕ ಪೊರೆ. ಕಿವಿಯ ರೋಗ ಮತ್ತೆ ಮತ್ತೆ ಬರುವ ಮಕ್ಕಳ ನಡುಗಿವಿಯ ಒಳಪದರದಲ್ಲಿ ಇದನ್ನು 2006ರಲ್ಲಿ ಕಂಡರು. ವಿಷಮಶೀತಜ್ವರ ವಾಸಿಯಾದ ಮೇಲೆಯೂ ಕೆಲವರು ವರ್ಷಗಟ್ಟಲೆ ಅದರ ಸೂಕ್ಷ್ಮಾಣುವನ್ನು ಹೊತ್ತು ತಿರುಗುವುದುಂಟು. ನ್ಯೂಯಾರ್ಕಿನ ಅಡಿಗೆಯವಳು ಮೇರಿ ಮ್ಯಾಲನ್ ತಾನು ಆರೋಗ್ಯವಾಗಿದ್ದೂ ಉಂಡವರಿಗೆ ಜ್ವರ ಹಬ್ಬಿಸುತ್ತಿದ್ದಾಳೆಂದು 1907ರಲ್ಲಿ ಆಕೆಯನ್ನು ಪ್ರತ್ಯೇಕವಾಗಿಟ್ಟರು. 1915ರಿಂದ 1938ರಲ್ಲಿ ಸಾಯುವವರೆಗೂ ಆಕೆಯ ಬಾಳು ನಿರ್ಬಂಧದಲ್ಲಿಯೇ ಕಳೆಯಿತು. ಇಂಥ ವಾಹಕರಲ್ಲಿ ಕೆಲವರ ಪಿತ್ತಕೋಶದ ಕಲ್ಲುಗಳ ಮೇಲೆ ಆ ಸೂಕ್ಷ್ಮಾಣು ಪೊರೆ ಕಟ್ಟಿಕೊಂಡಿರುವುದು 2010ರ ಸಂಶೋಧನೆಯಿಂದ ತಿಳಿದುಬಂದಿತು. ಕೆರೆಯ ಕಲ್ಲಿನ ನ್ಯಾಯವೇ ಹೊಟ್ಟೆಯ ಕಲ್ಲಿಗೂ ಸಲ್ಲುವುದಾಯಿತು.

ಭಯಕ್ಕೆ ಮಾತ್ರವೇ ಕಾರಣವಿದೆಯೆಂದು ವಾಚಕರು ತಿಳಿಯಬಾರದು. ಸೂಕ್ಷ್ಮಾಣು ಅಂಟಿಕೊಂಡು ಬಾಳುವುದೆಂಬ ಅರಿವಿನಿಂದ ಒಂದು ಸುಲಭೋಪಾಯವೂ ದೊರಕಿತು. ಕಾಲರಾದ ಸೂಕ್ಷ್ಮಾಣು ಕೆರೆ ಹೊಳೆಗಳ ನೀರಿನಲ್ಲಿ ಬಿಡಿಯಾಗಿರುವುದಕ್ಕಿಂತ ಪೊರೆಯ ಚೂರುಗಳಲ್ಲಿಯೂ, ಸಿಗಡಿಯ ದೂರದ ನೆಂಟರಾದ ಅತಿಸಣ್ಣ ಜಲಕೀಟಗಳ ಮೈಮೇಲೂ ಹೆಚ್ಚಾಗಿ ಇರುವುದು. ಒಂಟಿ ಸೂಕ್ಷ್ಮಾಣು ಯಾವ ಬಟ್ಟೆಯಲ್ಲಿಯೂ ನಿಲ್ಲದು. ಆದರೆ ಅದು ಅಂಟಿಕೊಂಡ ಕೀಟ ನಿಲ್ಲಬಹುದಲ್ಲವೆ? ರೀಟಾ ಕಾಲ್ವೆಲ್ ಎಂಬ ಅಮೆರಿಕದ ವಿಜ್ಞಾನಿಯೂ ಅವರ ಸಹಕಾರಿಗಳೂ ಬಾಂಗ್ಲಾದೇಶದ ಮತ್ಲಾಬ್ ಪ್ರದೇಶದ 65 ಹಳ್ಳಿಗಳಲ್ಲಿ ಹೆಂಗಸರಿಗೆ ಹಳೆಯ ಸೀರೆಯನ್ನು ನಾಲ್ಕಕ್ಕೆ ಕಡಮೆಯಿಲ್ಲದಂತೆ ಮಡಿಸಿ ನೀರು ಸೋಸುವುದನ್ನು ಹೇಳಿಕೊಟ್ಟರು. ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತೆಂದು 2003ರಲ್ಲಿ ವರದಿಯಾಯಿತು. ಒಗೆದೊಗೆದು ನವೆದ ಸೀರೆಯ ನೂಲಿನ ಕಣ್ಣುಗಳು ಹೊಸದರವುಗಳಿಗಿಂತ ಕಿರಿದಾಗಿರುವುದರಿಂದ ಹಳೆಯದೇ ಲೇಸು. ನಮ್ಮ ಜೈನ ಮನೆಗಳಲ್ಲಿ ಗಾಳಿಸಿದ ನೀರನ್ನೇ ಕುಡಿಯುವ ನಿಯಮ ಜೀವದಯೆಗಾಗಿ ಹುಟ್ಟಿದುದು. ಅದು ಕುಡಿಯುವವನ ಜೀವಕ್ಕೂ ದಯೆಯಾಗಿರಬೇಕು. ಆದರೂ ಸೋಸುವುದು ಕುದಿಸುವುದಕ್ಕೆ ಬದಲಲ್ಲ.

ಈ ಚರಿತ್ರೆಯಿಂದ ನಮಗೆ ದೊರೆಯುವ ಬುದ್ಧಿ ಒಂದೇ: ಕೋಟೆ ಕಟ್ಟಿದ ಮೇಲೆ ಮದ್ದು ಸುರಿಯುವುದಕ್ಕಿಂತ ಕಟ್ಟುವ ಮುನ್ನ ಕೆಡಹುವುದು ಲೇಸು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಎಳೆಯ ಪೊರೆ ಉಜ್ಜಿದರೆ ಹೋಗುವುದು, ಬಲಿತುದು ಹೋಗದು. ಆದುದರಿಂದಲೇ ಬಾಯಿ ಮುಕ್ಕಳಿಸುವ ದ್ರವವೆಷ್ಟಿದ್ದರೂ ಹಲ್ಲನ್ನು ಉಜ್ಜದೆ ಗತಿಯಿಲ್ಲ. ತೆಂಗಿನ ನಾರಿನಿಂದಲೂ ಬೂದಿಯಿಂದಲೂ ಕೊಡವನ್ನು ದಿನವೂ ತಿಕ್ಕುತ್ತಿದ್ದ ನಮ್ಮ ಅಜ್ಜಿಯಂದಿರ ಕೈಕೆಲಸ ಇದೇ ತತ್ತ್ವದ್ದು. ವೈದ್ಯರು ಹುಣ್ಣನ್ನು ಕೆರೆದು ಶುದ್ಧಪಡಿಸಿದರೆ, ಸೋಂಕು ಹತ್ತಿದ ಕೊಳವೆಯನ್ನು ತೆಗೆದುಹಾಕಬೇಕೆಂದರೆ, ಅದು ನಿಷ್ಕಾರುಣ್ಯವಲ್ಲ. ಕೋಟೆಯ ಗೋಡೆಯನ್ನು ಕೆಡಹುವ ಕಾರ್ಯ. ಬೇಕಿಲ್ಲದ ಕೊಳವೆಯನ್ನು ಒಂದು ದಿನವೂ ಹೆಚ್ಚಾಗಿ ಇಟ್ಟಿರಬಾರದೆಂದು ಆಸ್ಪತ್ರೆಗಳಲ್ಲಿ ಹೇಳುವುದು ಇದಕ್ಕಾಗಿಯೇ.

ಎರಡನೆಯ ಕರ್ತವ್ಯ ಇರುವ ಅಸ್ತ್ರಗಳನ್ನು ವ್ಯರ್ಥಗೊಳಿಸದಿರುವುದು. ಔಷಧಕ್ಕೆ ಬಗ್ಗದ ಸೂಕ್ಷ್ಮಾಣುಗಳಿಂದಲೇ 2019ರಲ್ಲಿ ಲೋಕದಾದ್ಯಂತ ಸುಮಾರು 12 ಲಕ್ಷ 70 ಸಾವಿರ ಜನ ಮಡಿದರೆಂದು 2022ರಲ್ಲಿ ಪ್ರಕಟವಾದ ಅಂದಾಜು ಹೇಳುವುದು. ನಾವು ವಾಸಿಸುವ ಕೇರಳ ರಾಜ್ಯವು ಇದನ್ನು ತಡೆಯಲು 2018ರಲ್ಲಿ ಭಾರತದ ರಾಜ್ಯಗಳಲ್ಲೇ ಮೊದಲಾಗಿ ತನ್ನದೇ ಕಾರ್ಯಯೋಜನೆಯನ್ನು ಹೊರಡಿಸಿತು. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಮಾತ್ರೆಗಳ ಹಾಳೆಯ ಮೇಲೆ ನಿಲುವಾಗಿ ಎಳೆದಿರುವ ಕೆಂಪು ಗೆರೆಯ ಅರ್ಥವನ್ನು ಜನರಿಗೆ ತಿಳಿಸಲು ಕೇಂದ್ರ ಸರಕಾರವು 2016ರಲ್ಲಿ ಪ್ರಚಾರವನ್ನು ಕೈಗೊಂಡಿತು. ಹೋದ ವರ್ಷ ಉಳಿದ ಮಾತ್ರೆಯನ್ನು ಈ ವರ್ಷದ ಜ್ವರಕ್ಕೆ ನುಂಗುವುದೂ, ಬರಿಯ ನೆಗಡಿಗೆ ಪ್ರತಿಜೀವಕವನ್ನು ಬೇಡುವುದೂ, ವೈದ್ಯರು ಹೇಳಿದ ಅವಧಿಯನ್ನು ನಾವೇ ಮೊಟಕುಗೊಳಿಸುವುದೂ ಫ್ಲೆಮಿಂಗರು ಎಚ್ಚರಿಸಿದ ಆ ಪಾಠಶಾಲೆಯನ್ನು ನಮ್ಮ ಮನೆಯಲ್ಲಿಯೇ ತೆರೆದಂತೆ.

ನಮ್ಮ ಕನ್ನಡ ಶಾಲೆಗಳ ಮಕ್ಕಳಿಗೂ ಒಂದು ಮಾತು. ಈ ವಿದ್ಯೆಯಲ್ಲಿ ಇನ್ನೂ ಬಿಡಿಸದ ಗಂಟುಗಳು ಹೇರಳವಾಗಿವೆ. ಪೊರೆಯನ್ನು ಕರಗಿಸುವ ಕಿಣ್ವಗಳು, ಸೂಕ್ಷ್ಮಾಣುಗಳ ಸಂಜ್ಞೆಯನ್ನು ಕೆಡಿಸುವ ದ್ರವ್ಯಗಳು, ಅವನ್ನೇ ತಿನ್ನುವ ವೈರಸ್ಸುಗಳು, ಇವುಗಳ ಬಗೆಗೆ ಸಂಶೋಧನೆ ನಡೆಯುತ್ತಿದೆ. ತಾಯ್ನುಡಿಯೊಂದನ್ನೇ ಬಲ್ಲ ಬಟ್ಟೆಯ ವ್ಯಾಪಾರಿ ಕಂಡುದನ್ನು ನಿಮ್ಮ ಕಣ್ಣಿನಿಂದಲೇ ಕಾಣಲು ಶಾಲೆಯ ಸೂಕ್ಷ್ಮದರ್ಶಕವೂ, ಹಲ್ಲಿನ ಸಂದಿನಿಂದ ಕಡ್ಡಿಯ ತುದಿಯಲ್ಲಿ ತೆಗೆದ ಒಂದಿಷ್ಟು ಪಾಚಿಯೂ, ಒಂದು ಹನಿ ಶುದ್ಧ ನೀರೂ ಸಾಕು. ನೋಡಿರಿ, ಕಂಡುದನ್ನು ಕನ್ನಡದಲ್ಲಿಯೇ ಬರೆದಿಡಿರಿ.